ಹಲಸಿನ ಮರದ ಹತ್ತಿರ ಜಾಯಿಂಟು

ಮಳೆಗಾಲದಲ್ಲಿ ದಾರಿಯಲ್ಲಿ ಎದುರಾದವರು ಕೇಳುವ ಪ್ರಶ್ನೆಗಳು ನಮ್ಮ ಮಲೆನಾಡಿನಲ್ಲಿ ಹಿಂದೆ ಎರಡೇ ಇದ್ದವು. ಮಳೆ ಹೇಗೆ? ತೋಟಕ್ಕೆ ಕೊಳೆ ಬಂತಾ? ಈಗ ಮೂರನೆಯದೊಂದು ಸೇರಿಕೊಂಡಿದೆ: ನಿಮ್ಮಲ್ಲಿ ನೆಟ್ ಇದ್ಯಾ? ಮೊದಲೆರಡಕ್ಕೆ ಉತ್ತರ ಕೊಟ್ಟವರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಮೂರನೆಯದಕ್ಕೆ ಮಾತ್ರ ಸುರಿಯುವ ಮಳೆಯಲ್ಲೂ ಕೊಡೆ ಹಿಡಿದುಕೊಂಡು ಅಲ್ಲೇ ನಿಂತು, "ಇದೆ ಮಾರಾಯ್ರೇ, ಇದ್ದೂ ಪ್ರಯೋಜನ ಇಲ್ಲ" ಎಂದು ಶುರುಮಾಡುತ್ತಾರೆ. ನೆಟ್ ಪೂರ್ತಿ ಹೋದರೆ ಯಾರಿಗೂ ಅಷ್ಟು ಬೇಸರವಿಲ್ಲ. ಹೋಯಿತು ಅಂತ ಗೊತ್ತಾದರೆ ಮನುಷ್ಯ ಹಾಳೆ ಟೋಪಿ ಹಾಕಿಕೊಂಡು ತೋಟಕ್ಕಾದರೂ ಇಳಿಯುತ್ತಾನೆ. ಇದ್ದೂ ಬಾರದೆ, ಪರದೆಯ ನಡುವೆ ಚಕ್ರ ತಿರುಗಿಸುತ್ತ, ಇನ್ನೇನು ಬಂತು ಎಂದು ಕೂರಿಸಿಬಿಡುತ್ತದಲ್ಲ, ಸಂಕಟ ಇರುವುದು ಅಲ್ಲಿ.

ನನ್ನ ಕೆಲಸ ಬೆಂಗಳೂರಿನದು. ಲ್ಯಾಪ್‌ಟಾಪ್ ಇದ್ದಲ್ಲೇ ಆಫೀಸು ಎಂದಾದ ಮೇಲೆ ಮಳೆಗಾಲದ ಕೆಲವು ವಾರ ತೀರ್ಥಹಳ್ಳಿ ಸೀಮೆಯ ನಮ್ಮ ಮನೆಗೆ ಬಂದು ಕೂರುತ್ತೇನೆ. ಅಣ್ಣ ತೋಟ ನೋಡಿಕೊಳ್ಳುತ್ತಾನೆ, ಅತ್ತಿಗೆ ಮನೆ ನೋಡಿಕೊಳ್ಳುತ್ತಾರೆ, ಅವರಿಬ್ಬರೂ ಸರಿಯಾಗಿ ನೋಡಿಕೊಳ್ಳುತ್ತಿದ್ದಾರೋ ಇಲ್ಲವೋ ಎಂಬುದನ್ನು ಅಮ್ಮ ನೋಡಿಕೊಳ್ಳುತ್ತಾಳೆ. ಕಂಪ್ಯೂಟರಿನ ಕೆಲಸದವನಾದ್ದರಿಂದ ನಾನು ಬಂದಾಗ ನೋಡಿಕೊಳ್ಳಬೇಕಾದ್ದು ನೆಟ್ಟು.

ಅಣ್ಣನ ಮೊದಲ ತಕರಾರು ಲೆಕ್ಕದ್ದು. ದುಡ್ಡು ಕಟ್ಟುವುದು 100 ಎಂಬಿಪಿಎಸ್ ಪ್ಲಾನಿಗೆ. ಏನನ್ನಾದರೂ ಡೌನ್‌ಲೋಡ್ ಮಾಡಹೊರಟರೆ ಕಂಪ್ಯೂಟರು ತೋರಿಸುವುದು, ಅದೂ ಒಳ್ಳೆಯ ಹೊತ್ತಿನಲ್ಲಿ, 12. "ನೂರು ಅಂತ ಹೇಳಿ ಹನ್ನೆರಡು ಕೊಡೋದು ಎಂಥ ವ್ಯಾಪಾರನಾ?" ಎಂದು ಅವನು ನನ್ನನ್ನು ಕೇಳಿದ ರೀತಿಯಲ್ಲಿ ಕಂಪನಿಯಲ್ಲಿ ನನ್ನದೂ ಒಂದು ಪಾಲಿರುವ ಗುಮಾನಿ ಇತ್ತು. ಕಂಪನಿ ಹೇಳುವುದು ಮೆಗಾಬಿಟ್ಟಿನಲ್ಲಿ, ಕಂಪ್ಯೂಟರು ತೋರಿಸುವುದು ಮೆಗಾಬೈಟಿನಲ್ಲಿ, ಎಂಟು ಬಿಟ್ಟಿಗೆ ಒಂದು ಬೈಟು, ಆದ್ದರಿಂದ ನೂರಕ್ಕೆ ಹನ್ನೆರಡೂವರೆಯೇ ನ್ಯಾಯವಾದ ಲೆಕ್ಕ ಎಂದು ಬಿಡಿಸಿ ಹೇಳಿದೆ. ಅಣ್ಣ ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿ, "ಹಸಿ ಅಡಿಕೆ ಲೆಕ್ಕ ಅನ್ನು, ಮತ್ತೆ!" ಎಂದ. ಒಂದು ಕ್ವಿಂಟಾಲ್ ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿದರೆ ಕೈಗೆ ಸಿಗುವುದು ಹನ್ನೆರಡು ಹದಿಮೂರು ಕಿಲೋ. ಅದರಲ್ಲಿ ಮೋಸವಾಯಿತೆಂದು ಯಾವ ಅಡಿಕೆ ಬೆಳೆಗಾರನೂ ಅಳುವುದಿಲ್ಲ. ನನ್ನ ಕಾಲೇಜಿನ ಮೇಷ್ಟ್ರುಗಳು ಒಂದು ತರಗತಿಯಿಡೀ ಹೇಳಿದ್ದನ್ನು ಅಣ್ಣ ಒಂದು ಕವಳ ಮಡಚುವುದರೊಳಗೆ ಮುಗಿಸಿದ.

ಲೆಕ್ಕವೇನೋ ಒಪ್ಪಿಗೆಯಾಯಿತು. ಆದರೆ ಆ ಹನ್ನೆರಡೂ ಬಾರದ ಹೊತ್ತುಗಳಿದ್ದವು. ಒಂದೊಂದು ಬೆಳಿಗ್ಗೆ ಎರಡಕ್ಕೆ ಇಳಿದಿರುತ್ತಿತ್ತು. ರಾತ್ರಿ ಊಟದ ಹೊತ್ತಿಗೆ ತಪ್ಪದೆ ಸೊರಗುತ್ತಿತ್ತು. ನನ್ನ ಕೋಣೆಯಲ್ಲಂತೂ ಯಾವ ಹೊತ್ತಿಗೂ ಅರ್ಧ, ಮುಕ್ಕಾಲು. ಆಫೀಸಿನ ಮೀಟಿಂಗಿನಲ್ಲಿ ನನ್ನ ಮುಖ ಬಾಯಿ ತೆರೆದಲ್ಲೇ ನಿಂತುಬಿಡುತ್ತಿತ್ತೆಂದೂ ಆ ಭಂಗಿಯನ್ನು ಸಹೋದ್ಯೋಗಿಗಳು ಫೋಟೋ ತೆಗೆದು ಹಂಚಿಕೊಂಡರೆಂದೂ ಆಮೇಲೆ ತಿಳಿಯಿತು.

ಕಂಪನಿಗೆ ಫೋನು ಮಾಡುವುದು ಅಮ್ಮನ ಖಾತೆ. ಕನ್ನಡಕ್ಕಾಗಿ ಇಂಥ ಅಂಕಿ ಒತ್ತಿ ಎನ್ನುವ ಧ್ವನಿಗೆ "ಹ್ಞೂಂ, ಒತ್ತಿದೆ" ಎಂದು ಉತ್ತರ ಕೊಟ್ಟೇ ಆಕೆ ಮುಂದುವರಿಯುವುದು. ಕೊನೆಗೊಂದು ಹುಡುಗಿ ಸಿಗುತ್ತಾಳೆ. "ತಮಗೆ ಉಂಟಾದ ಅಡಚಣೆಗೆ ವಿಷಾದಿಸುತ್ತೇವೆ ಮೇಡಮ್, ದಯವಿಟ್ಟು ರೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ" ಎನ್ನುತ್ತಾಳೆ. ಆಫ್ ಮಾಡಿದ ರೂಟರು ಮತ್ತೆ ದೀಪ ಹೊತ್ತಿಸಿಕೊಳ್ಳಲು ಒಂದೆರಡು ನಿಮಿಷ ಬೇಕು. ಅಷ್ಟು ಹೊತ್ತು ಇಬ್ಬರೂ ಸುಮ್ಮನಿರುವುದು ಅಮ್ಮನ ಪ್ರಕಾರ ಮರ್ಯಾದೆಯಲ್ಲ. "ಯಾವೂರು ಮಗಾ ನಿಂದು? ಊಟ ಆಯ್ತಾ?" ಎಂದು ಕೇಳುತ್ತಾಳೆ. ಆ ಕಡೆ ಒಂದು ಕ್ಷಣ ಮೌನ. ಬಾಯಿಪಾಠದಲ್ಲಿ ಅದಕ್ಕೆ ಉತ್ತರ ಬರೆದುಕೊಟ್ಟಿರಲಿಕ್ಕಿಲ್ಲ. ಆಮೇಲೆ ಇಳಿದ ದನಿಯಲ್ಲಿ, "ಹಾವೇರಿ ಕಡೆ ರೀ ಅಮ್ಮಾ. ಊಟ ಇನ್ನ ಆಗಿಲ್ರೀ. ನಿಮ್ ಕಡೆ ಮಳಿ ಭಾಳ ಐತೇನ್ರೀ?" ಅಷ್ಟರಲ್ಲಿ ದೀಪಗಳು ಹೊತ್ತಿಕೊಳ್ಳುತ್ತವೆ, ಹುಡುಗಿ ಮತ್ತೆ ವಿಷಾದಿಸುವ ಭಾಷೆಗೆ ಮರಳುತ್ತಾಳೆ, ದೂರಿಗೊಂದು ನಂಬರು ಕೊಡುತ್ತಾಳೆ. ಅಮ್ಮ ಫೋನಿಟ್ಟು ನಮಗೆ ವರದಿ ಕೊಡುವುದು ಹೀಗೆ: "ಹಾವೇರೀಲಿ ಮಳೆ ಇಲ್ವಂತೆ. ಪಾಪ, ಇಷ್ಟು ಹೊತ್ತಾದ್ರೂ ಉಂಡಿಲ್ಲ."

ಆಫ್ ಮಾಡಿ ಆನ್ ಮಾಡುವುದನ್ನು ನಾನು ತಮಾಷೆ ಮಾಡುವವನಲ್ಲ. ರೂಟರು ಎಂಬುದೂ ಒಂದು ಪುಟ್ಟ ಕಂಪ್ಯೂಟರೇ. ವಾರಗಟ್ಟಲೆ ಎದ್ದೇ ಇದ್ದು ನೆನಪು ಗೋಜಲು ಮಾಡಿಕೊಂಡಿರುತ್ತದೆ, ನಿದ್ದೆ ಮಾಡಿಸಿ ಎಬ್ಬಿಸಿದರೆ ಚೇತರಿಸಿಕೊಳ್ಳುತ್ತದೆ. ಆದರೆ ನಮ್ಮದು ಹಾಗೆ ವಾಸಿಯಾಗುವ ಕಾಯಿಲೆಯಾಗಿರಲಿಲ್ಲ. ಇಂಥ ಹೊತ್ತಿನಲ್ಲಿ ಬಲ್ಲವರು ಮೊದಲು ಮಾಡುವ ಕೆಲಸ, ವೈಫೈ ಮರೆತು ರೂಟರಿಗೇ ವೈರು ಚುಚ್ಚಿ ನೋಡುವುದು. ಒಂದು ಒಳ್ಳೆಯ ಮಧ್ಯಾಹ್ನ ಜಗಲಿಯಲ್ಲಿ ವೈರು ಹಾಕಿ ಸ್ಪೀಡ್ ಟೆಸ್ಟ್ ಮಾಡಿದೆ. 94 ಬಂತು. ನೂರರ ವೈರಿನಲ್ಲಿ ಸಾಗಣೆಯ ಖರ್ಚು ಕಳೆದು ಉಳಿಯುವುದೇ ಅಷ್ಟು, ಕಂಪನಿ ಏನೂ ಬಾಕಿ ಇಟ್ಟುಕೊಂಡಿರಲಿಲ್ಲ. ಅದೇ ಲ್ಯಾಪ್‌ಟಾಪನ್ನು ನನ್ನ ಕೋಣೆಗೆ ತಂದು ವೈಫೈಯಲ್ಲಿ ನೋಡಿದರೆ 6. ಸಮುದ್ರದ ತಳ, ಘಟ್ಟ, ತೋಟ ಎಲ್ಲ ದಾಟಿ ಜಗಲಿ ಮುಟ್ಟಿದ್ದರಲ್ಲಿ ಮುಕ್ಕಾಲಿಗೂ ಮಿಕ್ಕು ಪಾಲನ್ನು ಜಗಲಿಯಿಂದ ಕೋಣೆಗೆ ಬರುವ ಹಾದಿಯಲ್ಲಿ ನಮ್ಮ ಮನೆಯೇ ನುಂಗುತ್ತಿತ್ತು.

ನುಂಗುವ ಮನೆಯೇ ಹೌದು. ಅಜ್ಜ ಕಟ್ಟಿಸಿದ್ದು. ಕೆಂಪುಮಣ್ಣು ಕಲಸಿ, ಕೊಳೆಸಿ, ತುಳಿಸಿ ಎಬ್ಬಿಸಿದ ಎರಡಡಿ ದಪ್ಪದ ಗೋಡೆಗಳು. ಬೇಸಿಗೆಯ ಬಿಸಿಲು ಒಳಗೆ ಬಾರದಂತೆ, ಒಳಗಿನ ಮಾತು ಹೊರಗೆ ಹೋಗದಂತೆ ಕಟ್ಟಿದ್ದು. ಮಳೆಗಾಲದಲ್ಲಿ ನೀರು ಕುಡಿದು ತಣ್ಣಗೆ ನಿಂತಿರುತ್ತವೆ. ವೈಫೈಗೆ ನೀರೆಂದರೆ ಆಗದು. ಅದರಲ್ಲೂ 5 ಗಿಗಾಹರ್ಟ್ಸಿನ ಅಲೆ ಓಟದಲ್ಲಿ ಚುರುಕು, ಆದರೆ ಮೊದಲ ಗೋಡೆಗೇ ಸೋತು ಕೂರುತ್ತದೆ, 2.4ರದ್ದು ನಿಧಾನ, ಹೇಗೋ ಒಂದೆರಡು ಗೋಡೆ ದಾಟಿ ಬರುತ್ತದೆ. ಬೆಂಗಳೂರಿನ ಫ್ಲ್ಯಾಟಿನ ಗೋಳು ಬೇರೆ. ಅಲ್ಲಿ ಗೋಡೆ ತೆಳು, ನೆರೆಹೊರೆ ದಟ್ಟ. 2.4ರಲ್ಲಿ ಒಂದರ ಮೈಮೇಲೊಂದು ಬೀಳದೆ ನಡೆಯುವ ಚಾನೆಲ್ಲುಗಳು ಮೂರೇ: 1, 6, 11. ಆ ಮೂರರೊಳಗೆ ಇಡೀ ಅಪಾರ್ಟ್‌ಮೆಂಟು ತನ್ನ ಸಿನಿಮಾ, ಮೀಟಿಂಗು, ಮಕ್ಕಳ ಪಾಠ ಎಲ್ಲ ತುರುಕಬೇಕು. ಊರಿನಲ್ಲಿ ಗಾಳಿಯೆಲ್ಲ ನಮ್ಮದೇ, ಆದರೆ ಅಜ್ಜ ಅಡ್ಡ ನಿಂತಿದ್ದ.

ಎಲ್ಲಿ ಎಷ್ಟು ಸೋರುತ್ತಿದೆ ಎಂದು ನೋಡಲು ಲ್ಯಾಪ್‌ಟಾಪ್ ಎದೆಗೆ ಹಿಡಿದು ಮನೆಯೆಲ್ಲ ತಿರುಗಿದೆ. ನಡುಮನೆಯ ಬಾಗಿಲಲ್ಲಿ 60, ಅಡುಗೆಮನೆಯ ಒರಳಿನ ಹತ್ತಿರ 38, ದೇವರ ಕೋಣೆಯ ಹೊಸ್ತಿಲಲ್ಲಿ 20. ಬಚ್ಚಲಿನ ಹಂಡೆಯ ಎದುರು ಏನೂ ಇಲ್ಲ. ಆ ಮನೆಯಲ್ಲೇ ಹುಟ್ಟಿ ಬೆಳೆದು, ಇಷ್ಟು ಸಾವಕಾಶವಾಗಿ ಒಂದೊಂದು ಮೂಲೆಯಲ್ಲೂ ನಿಂತು ಎಷ್ಟು ವರ್ಷವಾಗಿತ್ತೋ. ರಜೆಗೆ ಬಂದರೆ ಊಟದ ಎಲೆ, ಜಗಲಿಯ ಕುರ್ಚಿ, ಮಲಗುವ ಚಾಪೆ, ಇಷ್ಟರಲ್ಲೇ ಮುಗಿಯುತ್ತಿತ್ತು. ದೇವರ ಕೋಣೆಯ ಹೊಸ್ತಿಲ ಮೂಲೆಯಲ್ಲಿ ನಾನೂ ಅಣ್ಣನೂ ಎತ್ತರ ಅಳೆದು ಕೆತ್ತಿದ ಗೀಟುಗಳು ಹಾಗೇ ಇದ್ದವು. ಅಣ್ಣನ ಗೀಟಿನ ಎದುರು ಸುಳ್ಳು ವರ್ಷ ಬರೆದದ್ದೂ ಹಾಗೇ ಇತ್ತು. "ಎಂಥ ಹುಡುಕ್ತಿದೀಯಾ ಅಪ್ಪಿ?" ಎಂದು ಅಮ್ಮ ಕೇಳಿದಳು. ಸಿಗ್ನಲ್ಲು ಎಂದೆ. "ಹಾಂಗಾರೆ ಸರಿ" ಎಂದು ಅಕ್ಕಿ ಆರಿಸಲು ಕೂತಳು.

ಕಳ್ಳ ಸಿಕ್ಕಿದ್ದು ನಡುಮನೆಯಲ್ಲಿ. ಜಗಲಿಯ ರೂಟರಿಗೂ ನನ್ನ ಕೋಣೆಗೂ ಸರಿಯಾಗಿ ನಡುವೆ ಅಪ್ಪಯ್ಯನ ಕಬ್ಬಿಣದ ಬೀರು. ಬಾಗಿಲಿಗೆ ಆಳೆತ್ತರದ ಕನ್ನಡಿ. ರೇಡಿಯೋ ಅಲೆಯ ಪಾಲಿಗೆ ಕಬ್ಬಿಣದ ತಗಡು ಮುಚ್ಚಿದ ಬಾಗಿಲು, ಕನ್ನಡಿಯ ಹಿಂದಿನ ಲೋಹದ ಲೇಪ ಇನ್ನೊಂದು ಬಾಗಿಲು. ಬೀರುವನ್ನು ಆಚೆ ಗೋಡೆಗೆ ಸರಿಸಿದರೆ ಅರ್ಧ ತೊಂದರೆ ತೀರುತ್ತದೆ ಎಂದು ಅಮ್ಮನಿಗೆ ಹೇಳಿದೆ. ಆಕೆ ಅಕ್ಕಿಯಿಂದ ತಲೆಯೆತ್ತಲಿಲ್ಲ. "ಅದು ಅಲ್ಲೇ ಇರ್ಲಿ. ನಿನ್ನ ಪೆಟ್ಟಿಗೆನೇ ಬೇಕಾರೆ ಆಚೆ ಈಚೆ ಮಾಡ್ಕ." ಅಪ್ಪಯ್ಯ ಹೋದ ಮೇಲೆ ಬೀರುವಿನ ಬಗ್ಗೆ ಅಮ್ಮ ಹೇಳುವುದು ಇಷ್ಟೇ. ಬೀಗದ ಕೈ ಇವತ್ತಿಗೂ ಆಕೆಯ ಸೊಂಟದಲ್ಲಿದೆ, ಒಳಗೆ ಬೀಗ ಹಾಕುವಂಥದ್ದು ಏನೂ ಇಲ್ಲ.

ಒಂದು ಅಡಿ ಸರಿಸಿ, ಪರೀಕ್ಷೆ ಮಾಡಿ, ಮತ್ತೆ ಅಲ್ಲೇ ತಂದಿಡುತ್ತೇವೆ ಎಂದು ಅಣ್ಣ ಮಧ್ಯಸ್ತಿಕೆ ಮಾಡಿದ ಮೇಲೆ ಬೀಗದ ಕೈ ಕೆಳಗಿಳಿಯಿತು. ಖಾಲಿ ಮಾಡದೆ ಅಲುಗುವ ಜಾತಿಯ ಬೀರು ಅದಲ್ಲ. ಪಹಣಿಗಳು, ಸೊಸೈಟಿಯ ರಸೀದಿಗಳು, ಕಂದಾಯದ ಚೀಟಿಗಳು, ಯಾರದೋ ಮದುವೆಯ ಕರೆಯೋಲೆಗಳು, ಕೆಟ್ಟ ಕನ್ನಡಕಗಳು ಒಂದೊಂದಾಗಿ ಹೊರಬಂದವು. ಕೆಳಗಿನ ಅಂಕಣದಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ. ರಟ್ಟಿನ ಮೇಲೆ ಅಪ್ಪಯ್ಯನ ದುಂಡಕ್ಷರ: ಟೆಲಿಫೋನು.

ದೇಶದ ಹಳ್ಳಿಗಳಿಗೆ ಫೋನು ಬಂದ ಕಥೆಯಲ್ಲಿ ನಮ್ಮ ರಾಜ್ಯಕ್ಕೊಂದು ಜಾಗವಿದೆ. ಸಿ-ಡಾಟ್ ಎಂಬ ಸರ್ಕಾರಿ ಸಂಸ್ಥೆ ದೂಳು, ಸೆಕೆ ತಡೆದುಕೊಳ್ಳುವಂತೆ, ಎಸಿ ಕೋಣೆ ಬೇಡದಂತೆ ತಯಾರಿಸಿದ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜು ಮೊದಲು ಕೆಲಸ ಶುರುಮಾಡಿದ್ದು ಕಿತ್ತೂರಿನಲ್ಲಿ, 1986ರಲ್ಲಿ. ಅಂಥದೊಂದು ಪೆಟ್ಟಿಗೆ ನಮ್ಮ ಹೋಬಳಿಯ ತನಕ ಬಂದು, ಅಲ್ಲಿಂದ ನಮ್ಮನೆಗೆ ತಂತಿ ಎಳೆಯುವಷ್ಟರಲ್ಲಿ ನಾನು ಹೈಸ್ಕೂಲು ಮುಗಿಸಿದ್ದೆ. ಫೋನಿಗೆ ಅಮ್ಮ ಕ್ರೋಷಾದ ಹೊದಿಕೆ ಹೆಣೆದಳು. ಅಪ್ಪಯ್ಯ ಪುಸ್ತಕ ಇಟ್ಟ.

ಪುಸ್ತಕದ ತುಂಬ ಫೋನಿನ ಆರೋಗ್ಯದ ವಿವರ. "ಬೆಳಿಗ್ಗೆ ಡೆಡ್. ನಿನ್ನೆ ರಾತ್ರಿ ಗಾಳಿ ಮಳೆ. ಎಕ್ಸ್‌ಚೇಂಜಿಗೆ ಹೋಗಿ ತಿಳಿಸಿದೆ." ನಾಲ್ಕೈದು ದಿನದ ಕೆಳಗೆ: "ಲೈನ್‌ಮನ್ ಬಂದ. ಸರಿ ಆಯಿತು. ಊಟ ಮಾಡಿದ. ಪತ್ರೊಡೆ ಇತ್ತು." ಮತ್ತೊಂದು ಕಡೆ: "ಗುರ್ ಗುರ್ ಶಬ್ದ. ಅಪ್ಪಿ ಬೆಂಗಳೂರಿಂದ ಮಾತಾಡಿದ್ದು ಅರ್ಧ ಕೇಳಲಿಲ್ಲ. ಆರಾಮ ಇದ್ದಾನೆ ಅಂತ ಕಾಣುತ್ತದೆ." ಆ ಕೊನೆಯ ವಾಕ್ಯವನ್ನು ಅಣ್ಣ ಗಟ್ಟಿಯಾಗಿ ಓದಿ ನಗಾಡಿದ. ನಾನೂ ನಕ್ಕೆ. ಕೇಳಿಸದೆ ಹೋದ ಆ ಅರ್ಧದಲ್ಲಿ ನಾನು ಏನು ಹೇಳಿದ್ದೆನೋ, ಯಾರಿಗೂ ನೆನಪಿಲ್ಲ.

ಆ ಲೈನ್‌ಮನ್ ಒಬ್ಬ ಅಪರೂಪದ ಮನುಷ್ಯ. ನಮ್ಮ ಸೀಮೆಯ ಒಂದೊಂದು ಮರವನ್ನೂ ಅದರಲ್ಲಿ ಹಾದುಹೋಗುವ ತಂತಿಯ ಲೆಕ್ಕದಲ್ಲಿ ಬಲ್ಲವನು. ಬಂದವನು ನೇರವಾಗಿ ಕಂಬಕ್ಕೆ ಹೋಗುತ್ತಿರಲಿಲ್ಲ. ಮೊದಲು ಜಗಲಿಯಲ್ಲಿ ಕೂತು ರಿಸೀವರು ಕಿವಿಗಿಟ್ಟು, ಕಣ್ಣು ಮುಚ್ಚಿ, ಆ ಮೌನದ ಗುಣ ಪರೀಕ್ಷಿಸುತ್ತಿದ್ದ. "ಇದು ಹೊಳೆ ಆಚೆದು" ಅಥವಾ "ಇಲ್ಲೇ ಈಚೆದು" ಎಂದು ತೀರ್ಪು ಕೊಟ್ಟು, ಆಮೇಲೆ ಏಣಿ ಕೇಳುತ್ತಿದ್ದ. ಎಷ್ಟೋ ಸಲ ಆ ತೀರ್ಪು ಸರಿಯಾಗಿರುತ್ತಿತ್ತು. ಹೋಗುವಾಗ ಸೈಕಲ್ಲಿನ ಹಿಂದೆ ಒಂದು ಹಲಸಿನಹಣ್ಣೋ ಬಾಳೆಗೊನೆಯೋ ಇರುತ್ತಿತ್ತು. ಪುಸ್ತಕದಲ್ಲಿ ಅದೂ ದಾಖಲಾಗಿದೆ.

ಮುಂದಿನ ಪುಟಗಳಲ್ಲಿ ಬ್ರಾಡ್‌ಬ್ಯಾಂಡಿನ ಕಾಲ. 2004ರ ಸರ್ಕಾರಿ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ಟು ಬಂದರೆ ಅದು ಬ್ರಾಡ್‌ಬ್ಯಾಂಡು. 2013ರಲ್ಲಿ ಅದನ್ನು 512ಕ್ಕೆ ಏರಿಸಿದರು, 2023ರಲ್ಲಿ 2 ಮೆಗಾಬಿಟ್ಟಿಗೆ. ಅದೇ ತಾಮ್ರದ ಜೋಡಿ ತಂತಿಯಲ್ಲಿ ಮಾತೂ ಬರಬೇಕು, ಇಂಟರ್‌ನೆಟ್ಟೂ ಬರಬೇಕು. ಎಕ್ಸ್‌ಚೇಂಜಿನಿಂದ ಮನೆ ದೂರವಾದಷ್ಟೂ ವೇಗ ಕರಗುತ್ತದೆ, ಐದು ಕಿಲೋಮೀಟರು ದಾಟಿದರೆ ಆಸೆಯನ್ನೇ ಬಿಡಬೇಕು. ನಮ್ಮ ಮನೆ ಆ ಗಡಿಯ ಮೇಲೇ ಇತ್ತು. ನಮ್ಮ ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರ ತನಕ ಎಷ್ಟು ಇಳಿಸಿಕೊಂಡರೂ ಪುಕ್ಕಟೆ. ಅಪ್ಪಯ್ಯನಿಗೆ ತಾಳಮದ್ದಲೆಯ ಹುಚ್ಚು. ಯಾರೋ ನೆಟ್ಟಿಗೆ ಹಾಕಿದ ಒಂದು ಪ್ರಸಂಗದ ವಿಡಿಯೋ 700 ಎಂಬಿ. 256ರ ವೇಗದಲ್ಲಿ ಅದಕ್ಕೆ ಬೇಕಾದ್ದು ಹೆಚ್ಚುಕಡಿಮೆ ಆರು ಗಂಟೆ, ಪುಕ್ಕಟೆ ಸಿಗುವುದೂ ಸರಿಯಾಗಿ ಆರೇ ಗಂಟೆ. ಸುಗ್ಗಿಯಲ್ಲಿ ಅಡಿಕೆ ಬೇಯಿಸಲು ರಾತ್ರಿಯೆಲ್ಲ ಎದ್ದಿದ್ದು ರೂಢಿಯಿದ್ದ ಮನುಷ್ಯ. ಎರಡಕ್ಕೆ ಎದ್ದು, ಕಂಪ್ಯೂಟರು ಹಚ್ಚಿ, ಪಕ್ಕದಲ್ಲೊಂದು ಕುರ್ಚಿ ಹಾಕಿಕೊಂಡು ಕಾಯುತ್ತಿದ್ದ. ಬೆಳಿಗ್ಗೆ ಏಳರ ಹೊತ್ತಿಗೆ ಮನೆಯವರೆಲ್ಲ ಮೆಲ್ಲಗೆ ನಡೆಯಬೇಕು, ಯಾರೂ ಫೋನೆತ್ತಬಾರದು, ಮಿಕ್ಸಿ ಹಾಕಿ ಫ್ಯೂಸು ಹಾರಿಸಬಾರದು. ಏಳೂಮುಕ್ಕಾಲಿಗೆ ತೊಂಬತ್ತಾರು ಪರ್ಸೆಂಟಿಗೆ ಕರೆಂಟು ಹೋಗುವುದು. ಅಪ್ಪಯ್ಯ ಬರೆದಿದ್ದಾನೆ: "ಸಂಧಾನ ಮುರಿಯಿತು. ನಾಳೆ ನೋಡುವ."

ಆ ಪ್ರಸಂಗ ಕೊನೆಗೂ ಪೂರ್ತಿ ಬಂತು. ಬಂದ ಮೇಲೆ ಊರಿನ ನಾಲ್ಕಾರು ಮಂದಿ ಸೇರಿ ನಮ್ಮ ಜಗಲಿಯಲ್ಲಿ ನೋಡಿದರು. ಈಗ ಅದು ಯಾವ ಗಳಿಗೆಯಲ್ಲಿ ಬೇಕಾದರೂ ಅಣ್ಣನ ಅಂಗೈಯಲ್ಲಿ ನಡೆಯುತ್ತದೆ. ಅಣ್ಣ ಮೊದಲ ಹತ್ತು ನಿಮಿಷ ನೋಡಿ ಇನ್ನೊಂದಕ್ಕೆ ಹಾರುತ್ತಾನೆ.

ಪುಸ್ತಕದ ಒಂದು ಪುಟದಲ್ಲಿ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದ ಸಾಲು: "ಪ್ರತಿಸಲ ಗಾಳಿ ಮಳೆಯ ಮಾರನೇ ದಿನ. ಹಲಸಿನ ಮರದ ಹತ್ತಿರ ಜಾಯಿಂಟು." ತಾಮ್ರದ ಕಾಲದಲ್ಲಿ ಇದು ಸರಿಯಾದ ಪತ್ತೆ. ಜಾಯಿಂಟಿಗೆ ನೀರಿಳಿದರೆ ಗುರ್ ಗುರ್ ಶುರು, ಬ್ರಾಡ್‌ಬ್ಯಾಂಡಿನ ವೇಗ ಕುಸಿತ. ಆದರೆ ನಮ್ಮದೀಗ ಗಾಜಿನ ಎಳೆ, ಅದರಲ್ಲಿ ಹರಿಯುವುದು ಬೆಳಕು. ಒದ್ದೆಯಾದ ಮಾತ್ರಕ್ಕೆ ಬೆಳಕು ಕೆಡುವುದಿಲ್ಲ. ಇಷ್ಟಾದರೂ ಅಣ್ಣ ಒಂದು ಮಾತು ಹೇಳಿದ: "ಕೇಬಲ್ಲಿನವ್ರು ಎಳೆದದ್ದು ಅದೇ ದಾರೀಲೇ ಅಲ್ದನಾ? ಹಳೇ ಫೋನಿನ ದಾರಿ ಹಿಡಿದೇ ಬಂದ್ರು." ಬೆಳಗ್ಗಿನ ಸೊರಗುವಿಕೆಗೂ ಹಿಂದಿನ ರಾತ್ರಿಯ ಗಾಳಿಗೂ ನಾವು ತಾಳೆ ಹಾಕಿ ನೋಡತೊಡಗಿದೆವು. ತಾಳೆಯಾಗುತ್ತಿತ್ತು.

ಫೈಬರ್ ಹುಡುಗ ಬಂದ. ಬೈಕು, ಬೆನ್ನಿಗೊಂದು ಚೀಲ, ಎರಡು ಫೋನು, ಮಂಡಿಯವರೆಗೆ ಕೆಸರು. ಜಗಲಿಯಲ್ಲಿ ಪವರ್ ಮೀಟರು ಹಚ್ಚಿ, "ಮೈನಸ್ ಇಪ್ಪತ್ತೇಳು ಅಣ್ಣಾ, ಲಾಸ್ ಜಾಸ್ತಿ" ಎಂದ. ಇಪ್ಪತ್ತೆಂಟರ ಹತ್ತಿರ ಹೋದರೆ ಪೆಟ್ಟಿಗೆಗೆ ಬೆಳಕು ಓದಲು ಕಷ್ಟ, ಅರ್ಧ ತಪ್ಪಿ ಹೋಗಿ ಮತ್ತೆ ಮತ್ತೆ ತರಿಸಬೇಕು, ಸ್ಲೋ ಆಗುವುದು ಹಾಗೆ. ಇರುವುದೇ ಮೈನಸ್, ಅದರಲ್ಲಿ ಕಮ್ಮಿ ಒಳ್ಳೆಯದೋ ಜಾಸ್ತಿ ಒಳ್ಳೆಯದೋ ಎಂದು ಅಣ್ಣ ತಗಾದೆ ತೆಗೆದ. ಹುಡುಗ ನಕ್ಕು ಏಣಿ ಕೇಳಿದ. ಅಪ್ಪಯ್ಯನ ಪುಸ್ತಕ ಹೇಳುತ್ತದೆಂದು ನಾವು ನೇರ ಹಲಸಿನ ಮರಕ್ಕೇ ಕರೆದೊಯ್ದೆವು. ಮಳೆಗೆ ಭಾರವಾದ ಒಂದು ಕೊಂಬೆ ಕೇಬಲ್ಲಿನ ಮೇಲೆ ಒರಗಿತ್ತು. ಜಾಯಿಂಟಿನ ಪೆಟ್ಟಿಗೆ ವಾಲಿ, ಎಳೆ ಬಿಗಿಯಾಗಿ ಬಾಗಿತ್ತು. ಗಾಜಿನ ಎಳೆ ಸಣ್ಣ ಸುತ್ತಿಗೆ ಬಾಗಿದರೆ ಬೆಳಕು ತಿರುವಿನಲ್ಲಿ ಹೊರಗೆ ಸೋರಿಬಿಡುತ್ತದೆ. ಗಾಳಿ ಬೀಸಿದ ದಿನವೆಲ್ಲ ಅಷ್ಟಷ್ಟು ಸೋರಿಕೆ. ಮರ ಅದೇ, ಕೊಂಬೆ ಬೇರೆ, ತಂತಿ ಬೇರೆ, ಕಾರಣ ಬೇರೆ. ಜಾಗ ಮಾತ್ರ ಅಪ್ಪಯ್ಯ ಗೀಟು ಹಾಕಿದ್ದೇ.

ಪೆಟ್ಟಿಗೆ ಮುಟ್ಟಿದ್ದೇ ಹುಡುಗ, "ಅಯ್ಯಯ್ಯೋ ಅಮ್ಮಾ, ಚಗಳಿ!" ಎಂದು ಕೂಗಿಕೊಂಡ. ಎಲೆ ಹೊಲಿದು ಗೂಡು ಮಾಡಿದ ಕೆಂಪು ಚಗಳಿ ಇರುವೆಗಳು ಕುತ್ತಿಗೆಯೊಳಗೆ ಇಳಿದಿದ್ದವು. ಅಮ್ಮ ಕವಳದ ತಟ್ಟೆಯಿಂದ ಸುಣ್ಣ ತಂದು ಹಚ್ಚಿದಳು. ಈ ಗೂಡಿನ ಚಟ್ನಿ ಶೀತಕ್ಕೆ ಬಹಳ ಒಳ್ಳೆಯದೆಂಬ ತಿಳಿವಳಿಕೆಯನ್ನೂ ಕೊಟ್ಟಳು. ಹುಡುಗನಿಗೆ ಆ ಗಳಿಗೆಯಲ್ಲಿ ಅದು ಬೇಕಿರಲಿಲ್ಲ.

ಎಳೆ ಬೆಸೆಯುವುದನ್ನು ನೋಡಲು ಮನೆಮಂದಿಯೆಲ್ಲ ಸೇರಿದೆವು. ಅಣ್ಣ ಯಂತ್ರದ ಮೇಲೆ ಕೊಡೆ ಹಿಡಿದ. ಹುಡುಗ ಕೇಬಲ್ಲಿನ ಕಪ್ಪು ಸಿಪ್ಪೆ ಸುಲಿದ, ಒಳಗಿನ ಬಣ್ಣದ ಸಿಪ್ಪೆ ಸುಲಿದ, ಸ್ಪಿರಿಟ್ಟಿನಲ್ಲಿ ಒರೆಸಿದ. ಉಳಿದದ್ದು 125 ಮೈಕ್ರಾನಿನ ಗಾಜು, ಎಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಬೆಳಕು ಓಡಾಡುವ ತಿರುಳು ಅದರೊಳಗೆ ಬರೇ 9 ಮೈಕ್ರಾನು. ಯಂತ್ರದ ಪುಟ್ಟ ಪರದೆಯ ಮೇಲೆ ಎರಡು ತುದಿಗಳು ದಪ್ಪಗೆ ಕಂಡವು, ಮೆಲ್ಲಗೆ ಸರಿದು ಎದುರುಬದುರು ನಿಂತವು, ಒಂದು ಕಿಡಿ ಹಾರಿತು, ನಡುವಿನ ಗೆರೆ ಮಾಯವಾಯಿತು. "ಆಯ್ತು" ಎಂದ ಹುಡುಗ. "ಇಷ್ಟೇ?" ಎಂದು ಅತ್ತಿಗೆ ಕೇಳಿದರು. ಜಗಲಿಗೆ ಬಂದು ನೋಡಿದರೆ ಮೈನಸ್ ಇಪ್ಪತ್ತೊಂದು.

ಅಣ್ಣ ಹಾಗೆ ಕೊಡೆ ಹಿಡಿದು ನಿಂತದ್ದು ನೋಡಿದಾಗ 2021ರ ಜೂನಿನಲ್ಲಿ ಪತ್ರಿಕೆಗಳಲ್ಲೆಲ್ಲ ಬಂದ ಒಂದು ಫೋಟೋ ನೆನಪಾಯಿತು. ಸುಳ್ಯ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಸಿಗ್ನಲ್ಲಿಲ್ಲದೆ ಮಗಳು ರಸ್ತೆಬದಿಗೆ ಬಂದು ಕೂತು ಎಸ್ಸೆಸ್ಸೆಲ್ಸಿಯ ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ. ಸುರಿವ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತಿದ್ದಾನೆ. ಆ ಅಪ್ಪನಿಗೆ ಮೆಗಾಬಿಟ್ಟು ಬೈಟುಗಳ ತಕರಾರು ಇದ್ದಿರಲಾರದು.

ಬೆಳಗಿನ ಕಾಯಿಲೆ ವಾಸಿಯಾಯಿತು. ರಾತ್ರಿಯದು ಆಗಲಿಲ್ಲ. "ಎಂಟು ಗಂಟೆಗೆ ಎಲ್ರೂ ಸೀರಿಯಲ್ ಹಾಕ್ತಾರಮ್ಮ, ಅದಕ್ಕೆ ನಾನೇನ್ ಮಾಡ್ಲಿ" ಎಂದು ಹುಡುಗ ಇದ್ದದ್ದನ್ನು ಇದ್ದಂತೆ ಹೇಳಿದ. ಒಂದು ಎಳೆಯನ್ನು 32 ಮನೆಗೋ 64 ಮನೆಗೋ ಕವಲು ಮಾಡಿ ಹಂಚುವುದು ಇದರ ಕ್ರಮ. ಕಿತ್ತೂರಿಗೆ ಎಕ್ಸ್‌ಚೇಂಜು ಬಂದ ವರ್ಷವೇ, 1986ರಲ್ಲಿ, ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಸುಮಾರು 400 ಗಜ ಅಂತರದ ಎರಡು ಕಟ್ಟಡಗಳ ನಡುವೆ ಇಂಟರ್‌ನೆಟ್ಟು ಇದೇ ನೂಕುನುಗ್ಗಲಿಗೆ ಸಿಕ್ಕಿ ಕುಸಿದಿತ್ತು. ಸೆಕೆಂಡಿಗೆ 32,000 ಬಿಟ್ಟು ಹೋಗಬೇಕಾದಲ್ಲಿ 40 ಬಿಟ್ಟು. ಪ್ರತಿ ಕಂಪ್ಯೂಟರೂ ತನ್ನದು ತಲುಪಲಿಲ್ಲವೆಂದು ಮತ್ತೆ ಮತ್ತೆ ಕಳಿಸಿ ದಾರಿಯನ್ನೇ ಕಟ್ಟಿಹಾಕಿತ್ತು. ವ್ಯಾನ್ ಜೇಕಬ್‌ಸನ್ ಎಂಬಾತ ಅದನ್ನು ಕೂತು ನೋಡಿ, 1988ರಲ್ಲಿ ಪರಿಹಾರವನ್ನು ಪ್ರಕಟಿಸಿದ. ಮೊದಲು ಸ್ವಲ್ಪ ಕಳಿಸು, ಮುಟ್ಟಿತೆಂಬ ಉತ್ತರ ಬಂದರೆ ಹೆಚ್ಚಿಸು, ಬಾರದಿದ್ದರೆ ದಾರಿಯಲ್ಲಿ ಜನ ಇದ್ದಾರೆಂದು ತಿಳಿದು ಹಿಂದೆ ಸರಿ. ಇವತ್ತಿಗೂ ನಮ್ಮೆಲ್ಲರ ಮನೆಗಳಲ್ಲಿ ಆ ಸಂಕೋಚವೇ ಬೇರೆಬೇರೆ ರೂಪದಲ್ಲಿ ಕೆಲಸ ಮಾಡುತ್ತಿದೆ. ರಾತ್ರಿ ಎಂಟಕ್ಕೆ ನಮಗೆ ಕಡಿಮೆಯಾದದ್ದು ಕೆಳಮನೆಯಲ್ಲಿ ಯಾರಿಗೋ ಸಿಕ್ಕಿರುತ್ತದೆ.

ಇದನ್ನು ಅಮ್ಮನಿಗೆ ಹೇಳಬಾರದಿತ್ತೋ ಏನೋ. ಈಗ ಸೀರಿಯಲ್ಲಿನ ನಾಯಕಿ ಅಳುವುದು ಅರ್ಧಕ್ಕೆ ನಿಂತರೆ ಅಮ್ಮ ಗೊಣಗುವುದಿಲ್ಲ. "ಕೆಳಮನೆಯವಳ ಮಗಳು ಅಮೆರಿಕದಿಂದ ವಿಡಿಯೋ ಮಾಡಿರ್ಬೇಕು, ಇವತ್ತು ಭಾನುವಾರ" ಎನ್ನುತ್ತಾಳೆ. ಬಹಳ ಹೊತ್ತು ನಿಂತರೆ "ಎಂಥದೋ ವಿಶೇಷ ಇರ್ಬೇಕು, ಇಷ್ಟು ಹೊತ್ತು ಮಾತಾಡೋ ಕೂಸಲ್ಲ ಅದು" ಎಂದು ಚಿಂತೆ ಮಾಡುತ್ತಾಳೆ. ಒಂದು ಭಾನುವಾರ ಸೀರಿಯಲ್ಲು ಒಂದೇ ಒಂದು ಸಲವೂ ನಿಲ್ಲದೆ ಓಡಿತು. ಅಮ್ಮ ಮಾರನೆಯ ಬೆಳಿಗ್ಗೆ ಮಜ್ಜಿಗೆ ಕೊಡುವ ನೆಪದಲ್ಲಿ ಕೆಳಮನೆಗೆ ಹೋಗಿ ಬಂದಳು.

ಉಳಿದದ್ದು ಬೀರು. ಒಂದು ಅಡಿ ಸರಿಸಿ ನೋಡಿದಾಗ ನನ್ನ ಕೋಣೆಯಲ್ಲಿ 6 ಇದ್ದದ್ದು 35ಕ್ಕೆ ಹೋಯಿತು. ನಾವಿಬ್ಬರೂ ಅಮ್ಮನ ಮುಖ ನೋಡಿದೆವು. ಬೀರು ಇದ್ದ ಜಾಗದಲ್ಲಿ ನೆಲದ ಕಾವಿ ಹೊಸದಾಗಿ ಹೊಳೆಯುತ್ತಿತ್ತು, ಸುತ್ತಲ ನೆಲ ಮಾಸಿತ್ತು. "ಆತಲ್ಲ, ಇನ್ನು ಇಡ್ರಾ ಅಲ್ಲೇ" ಎಂದಳು. ಇಟ್ಟೆವು. ತೀರ್ಥಹಳ್ಳಿಯಿಂದ ಉದ್ದನೆಯ ವೈರು ತಂದು, ಅಟ್ಟದ ಮೇಲೆ ಎಳೆದು, ನನ್ನ ಕೋಣೆಗೇ ಇನ್ನೊಂದು ಸಣ್ಣ ರೂಟರು ಹಾಕಿದೆ. ಬೀರು ಸರಿಸುವುದು ಪುಕ್ಕಟೆಯಾಗುತ್ತಿತ್ತು. ಇದಕ್ಕೆ ಎರಡು ಸಾವಿರದ ಹತ್ತಿರ ಖರ್ಚಾಯಿತು. ಒಳ್ಳೆಯ ವ್ಯವಹಾರವೆಂದೇ ನನ್ನ ಅಭಿಪ್ರಾಯ.

ಟೆಲಿಫೋನು ಪುಸ್ತಕದಲ್ಲಿ ಇನ್ನೂ ಖಾಲಿ ಪುಟಗಳಿದ್ದವು. ಅಪ್ಪಯ್ಯನ ಕೊನೆಯ ಸಾಲಿನ ಕೆಳಗೆ ಒಂದು ಗೆರೆ ಬಿಟ್ಟು ನಾನು ತಾರೀಖು ಹಾಕಿ ಬರೆದೆ: "ಹಲಸಿನ ಮರದ ಜಾಯಿಂಟು. ಫೈಬರ್ ಹುಡುಗ ಬಂದ. -27 ಇದ್ದದ್ದು -21. ಸರಿ ಆಯಿತು." ಅಮ್ಮ ಕನ್ನಡಕ ಹಾಕಿಕೊಂಡು ಓದಿದಳು. "ಅಕ್ಷರ ಅವ್ರಷ್ಟು ಚೆಂದ ಇಲ್ಲ" ಎಂದಳು. ಆಮೇಲೆ, "ಹುಡುಗ ಊಟ ಮಾಡಿದ್ದು ಬರೆದೇ ಇಲ್ವಲ್ಲೋ?" ಬರೆದೆ. ಅವತ್ತು ಕಳಲೆ ಪಲ್ಯ ಇತ್ತು.

ನಿಮ್ಮ ಮನೆಯಲ್ಲೂ ನೆಟ್ ಸ್ಲೋ ಆಗಿದ್ದರೆ ಕಂಪನಿಯನ್ನು ಬೈಯುವ ಮೊದಲು ರೂಟರಿಗೆ ವೈರು ಹಾಕಿ ಒಮ್ಮೆ ನೋಡಿ. ಯಾವ ಹೊತ್ತಿಗೆ, ಯಾವ ಕೋಣೆಯಲ್ಲಿ, ಎಂಥ ಹವೆಯಲ್ಲಿ ಎಂದು ನಾಲ್ಕು ದಿನ ಬರೆದಿಡಿ. ಕಾಯಿಲೆ ಹೊತ್ತಿನದೋ ಜಾಗದ್ದೋ ಮಳೆಯದೋ ತಾನಾಗಿ ಗೊತ್ತಾಗುತ್ತದೆ. ಮಳೆಯಲ್ಲಿ ಹುಡುಗ ಬಂದರೆ ಹಿತ್ತಿಲಲ್ಲಿ ಬಿದ್ದಿರುವ ಮುರುಕು ಏಣಿ ಕೊಡಬೇಡಿ, ಗಟ್ಟಿಯದನ್ನೇ ಕೊಡಿ, ಕೆಳಗೆ ಒಬ್ಬರು ಹಿಡಿದುಕೊಳ್ಳಿ. ಮರದಲ್ಲಿ ಚಗಳಿ ಇದ್ದರೆ ದಯವಿಟ್ಟು ಮೊದಲೇ ಹೇಳಿ.